ಕಾರಿನೊಳಗಿನ ಪ್ಲಾಸ್ಟಿಕ್ಕಿಗೆ ಮನೆಯಲ್ಲೇ ವಿನೈಲ್ ಹೊದಿಸಿದ್ದು

ಕಾರು ಸೆಕೆಂಡ್ ಹ್ಯಾಂಡ್. ಓಡುವುದರಲ್ಲಿ ತಕರಾರಿಲ್ಲ. ಎಂಜಿನ್ ಚೆನ್ನಾಗಿದೆ, ಕ್ಲಚ್ ಹಗುರ, ಏಸಿ ಕೊರೆಯುತ್ತದೆ. ಕಣ್ಣಿಗೆ ಚುಚ್ಚುತ್ತಿದ್ದದ್ದು ಒಳಗಿನ ಅಲಂಕಾರ. ಹಿಂದಿನವರು ಯಾವುದೋ ಕಾಲದಲ್ಲಿ ಸ್ಟೀರಿಯೊ ಸುತ್ತ, ಗೇರ್ ಸುತ್ತ, ನಾಲ್ಕೂ ಬಾಗಿಲಿನ ಪವರ್ ವಿಂಡೋ ಸ್ವಿಚ್ಚಿನ ಪಟ್ಟಿಗಳಿಗೆ ತೇಗದ ಗೀಟಿರುವ ಸ್ಟಿಕ್ಕರ್ ಹಾಕಿಸಿದ್ದರು. ವರ್ಷಗಳ ಬಿಸಿಲಿಗೆ ಅದು ನಾಲ್ಕೂ ಕಡೆಯಿಂದ ಒಂದೆರಡು ಮಿಲಿಮೀಟರ್ ಒಳಕ್ಕೆ ಸರಿದಿತ್ತು. ಬಿಟ್ಟ ಜಾಗದಲ್ಲಿ ಅಂಟು ಉಳಿದು, ಅಂಟಿಗೆ ದೂಳು ಮೆತ್ತಿ, ಸುತ್ತಲೂ ಕಪ್ಪು ಗೆರೆ ಎದ್ದಿತ್ತು. ಕಿಟಕಿ ಇಳಿಸಲು ಬೆರಳಿಟ್ಟರೆ ಜಿಗುಟು.

ಮೈಸೂರಿನಲ್ಲೇ ಒಂದೆರಡು ಆಕ್ಸೆಸರೀಸ್ ಅಂಗಡಿಗಳಲ್ಲಿ ವಿಚಾರಿಸಿದೆ. "ಅದರ ಮೇಲೇ ಹೊಸದು ಹಾಕ್ಬಿಡೋಣ ಮೇಡಂ, ಬಿಚ್ಚೋದೆಲ್ಲ ಯಾಕೆ, ಅರ್ಧ ಗಂಟೆ ಕೆಲಸ" ಅಂದರು. ಆ ಅರ್ಧ ಗಂಟೆಯ ಕೆಲಸದ ಫಲ ನನ್ನ ಕಣ್ಣೆದುರೇ ಇತ್ತು. ಭಾಗವನ್ನು ಕಾರಿನಲ್ಲೇ ಇಟ್ಟು ವಿನೈಲ್ ಫಿಲ್ಮ್ (ಒಂದು ಬದಿಗೆ ಅಂಟಿರುವ ತೆಳು ಪ್ಲಾಸ್ಟಿಕ್ ಹಾಳೆ) ಅಂಟಿಸಿ, ಅಂಚಿನ ಗುಂಟ ಬ್ಲೇಡ್ ಓಡಿಸಿದರೆ ಫಿಲ್ಮು ಕಣ್ಣಿಗೆ ಕಾಣುವ ಅಂಚಿನಲ್ಲೇ ಮುಗಿಯುತ್ತದೆ. ಅದನ್ನು ಹಿಡಿದಿಡಲು ಅಲ್ಲಿ ಏನೂ ಇಲ್ಲ. ಉಗುರು ತಾಗಿದರೂ ಏಳುತ್ತದೆ, ಬಿಸಿಲಿಗೆ ಕುಗ್ಗಿದರೂ ಕಾಣುತ್ತದೆ. ಭಾಗವನ್ನು ಬಿಚ್ಚಿ, ಫಿಲ್ಮನ್ನು ಅಂಚು ದಾಟಿಸಿ ಹಿಂಬದಿಗೆ ಮಡಚಿದರೆ ಆ ಮಾತೇ ಬರುವುದಿಲ್ಲ. ಅಂಗಡಿಯವರಿಗೆ ಅಷ್ಟು ಹೊತ್ತು ಕೂರುವ ಪುರುಸೊತ್ತಿಲ್ಲ, ನನಗೆ ನವೆಂಬರಿನಲ್ಲಿ ರಜೆ ಉಳಿದಿತ್ತು. ಮನೆಯಲ್ಲೇ ಮಾಡುವುದೆಂದಾಯಿತು.

ಫಿಲ್ಮ್ ಕೊಳ್ಳುವ ಮೊದಲೇ ಭಾಗಗಳನ್ನು ಬಿಚ್ಚಿಕೊಂಡೆ. ಅಳತೆಗೆ ಬೇಕಲ್ಲ. ಜೊತೆಗೆ ಹಿಂಬದಿಯಲ್ಲಿ ಏನು ಬರೆದಿದೆ ಎಂದು ನೋಡುವುದಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿಟ್ಟು ಹತ್ತು ನಿಮಿಷ ಸುಮ್ಮನೆ ಕೂತೆ. ಏರ್‌ಬ್ಯಾಗಿನ ಕಂಟ್ರೋಲ್ ಯೂನಿಟ್ ಬ್ಯಾಟರಿ ತೆಗೆದ ಮೇಲೂ ಸ್ವಲ್ಪ ಹೊತ್ತು ವಿದ್ಯುತ್ ಹಿಡಿದಿಟ್ಟುಕೊಂಡಿರುತ್ತದೆ. ಅಪಘಾತದಲ್ಲಿ ಬ್ಯಾಟರಿ ಕಿತ್ತುಹೋದರೂ ಬ್ಯಾಗ್ ಉಬ್ಬಲಿ ಎಂದೇ ಹಾಗೆ ಮಾಡಿರುತ್ತಾರೆ. ಒಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟುವ ಹಾಗಿಲ್ಲ. ಕೆಲವು ಕಾರುಗಳ ಸ್ಟೀರಿಯೊ ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಕೋಡ್ ಕೇಳುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಕೋಡ್ ಕಾರ್ಡು ಕೈಯಲ್ಲಿದೆಯೇ ಎಂದು ಮೊದಲೇ ನೋಡಿಕೊಂಡಿರಬೇಕು. ನನ್ನದು ಕೇಳಲಿಲ್ಲ.

ಮೀಟುವುದಕ್ಕೆ ಸ್ಕ್ರೂಡ್ರೈವರ್ ಬೇಡವೇ ಬೇಡ. ಗಟ್ಟಿ ನೈಲಾನಿನ ಟ್ರಿಮ್ ಟೂಲ್ ಸೆಟ್ ಆನ್‌ಲೈನಿನಲ್ಲಿ ಸಿಗುತ್ತದೆ. ಚಪ್ಪಟೆಯದು, ತುದಿ ಸೀಳಿದ್ದು, ಬಾಗಿದ್ದು, ಹೀಗೆ ನಾಲ್ಕೈದು ತುಂಡು. ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ, ಸಂದಿಗೆ ತೂರಿಸಿ, ಒಂದೇ ಕಡೆ ಬಲ ಹಾಕದೆ ಸ್ವಲ್ಪ ಸ್ವಲ್ಪವೇ ಸರಿಸುತ್ತ ಹೋದರೆ ಕ್ಲಿಪ್ಪುಗಳು ಒಂದೊಂದಾಗಿ ಟಕ್ ಟಕ್ ಎಂದು ಬಿಡುತ್ತವೆ. ಮೊದಲ ಸಲ ಆ ಸದ್ದು ಕೇಳಿದಾಗ ಮುರಿದೇಹೋಯಿತು ಅನ್ನಿಸುತ್ತದೆ. ಬಾಗಿಲಿನ ಸ್ವಿಚ್ ಪಟ್ಟಿ ಸುಲಭದ್ದು, ಒಂದು ತುದಿ ಎದ್ದರೆ ಇಡೀ ಪಟ್ಟಿ ಎದ್ದುಬರುತ್ತದೆ, ಅಡಿಯ ಕನೆಕ್ಟರಿನ ಲಾಕ್ ಒತ್ತಿ ಎಳೆದರಾಯಿತು. ಸ್ಟೀರಿಯೊ ಸುತ್ತಿನ ಚೌಕಟ್ಟಿಗೆ ಕ್ಲಿಪ್ಪಿನ ಜೊತೆ ಸ್ಕ್ರೂ ಕೂಡ ಇರುತ್ತವೆ. ಅವನ್ನು ನೋಡದೆ ಎಳೆದರೆ ಮೂಲೆ ಸೀಳುತ್ತದೆ. ಯಾವ ಭಾಗದ ಸ್ಕ್ರೂ ಯಾವುದು ಎಂದು ಕಲೆಸಿಹೋಗದಿರಲು ಇಡ್ಲಿ ತಟ್ಟೆ ಇಟ್ಟುಕೊಂಡಿದ್ದೆ. ಒಂದು ಗುಳಿಗೆ ಒಂದು ಭಾಗದ ಸ್ಕ್ರೂ, ಕ್ಲಿಪ್ಪು. ಅದೇ ತಟ್ಟೆಯಲ್ಲಿ ಮತ್ತೆ ಇಡ್ಲಿ ಬೇಯಿಸುವುದಕ್ಕೆ ಅಮ್ಮ ಒಪ್ಪಲಿಲ್ಲ ಎಂಬುದು ಬೇರೆ ವಿಷಯ.

ಈಗ ಹಿಂಬದಿಯ ಬರಹ. ಕಾರಿನ ಬಹುತೇಕ ಪ್ಲಾಸ್ಟಿಕ್ ಭಾಗಗಳ ಬೆನ್ನಿಗೆ ಅದು ಯಾವ ಪ್ಲಾಸ್ಟಿಕ್ ಎಂದು ಸಣ್ಣ ಅಕ್ಷರದಲ್ಲಿ ಅಚ್ಚೊತ್ತಿರುತ್ತಾರೆ, ಎರಡು ಬಾಣದ ಗುರುತುಗಳ ನಡುವೆ. ಗುಜರಿಗೆ ಹೋದಾಗ ಬೇರ್ಪಡಿಸಲು ಇರುವ ಗುರುತು ಅದು, ನನಗೆ ಉಪಯೋಗಕ್ಕೆ ಬಂದದ್ದು ಇಲ್ಲಿ. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಓದಿದೆ. ಸ್ವಿಚ್ ಪಟ್ಟಿಗಳ ಹಿಂದೆ ಎಬಿಎಸ್ (ಬ್ರೇಕಿನದಲ್ಲ, ಆ ಹೆಸರಿನ ಗಟ್ಟಿ ಪ್ಲಾಸ್ಟಿಕ್). ಸ್ಟೀರಿಯೊ ಚೌಕಟ್ಟಿನ ಹಿಂದೆ ಪಿಸಿ ಪ್ಲಸ್ ಎಬಿಎಸ್, ಅಂದರೆ ಪಾಲಿಕಾರ್ಬೊನೇಟ್ ಬೆರೆಸಿದ ಎಬಿಎಸ್. ಗೇರ್ ಸುತ್ತಿನದೂ ಎಬಿಎಸ್. ಗ್ಲೋವ್ ಬಾಕ್ಸಿನ ಮುಚ್ಚಳದ ಹಿಂದೆ ಮಾತ್ರ ಪಿಪಿ-ಟಿಡಿ20, ಅಂದರೆ ಶೇಕಡಾ 20ರಷ್ಟು ಟಾಲ್ಕ್ ಪುಡಿ ಬೆರೆಸಿದ ಪಾಲಿಪ್ರೊಪಿಲೀನ್.

ಈ ಎರಡು ಜಾತಿಗೆ ಅಂಟಿನ ವಿಷಯದಲ್ಲಿ ಅಜಗಜಾಂತರ. ಅಂಟು ಹಿಡಿಯಬೇಕಾದರೆ ಅದು ಮೇಲ್ಮೈ ಮೇಲೆ ಹರಡಿಕೊಳ್ಳಬೇಕು. ಪಾಲಿಪ್ರೊಪಿಲೀನ್ ಯಾವುದನ್ನೂ ಹರಡಗೊಡುವುದಿಲ್ಲ. ತೊಳೆದು ಒಣಗಿಸಿದ ಮೇಲೆ ಎರಡರ ಮೇಲೂ ಒಂದೊಂದು ಹನಿ ನೀರು ಬಿಟ್ಟು ನೋಡಿದೆ. ಎಬಿಎಸ್ ಮೇಲೆ ಹನಿ ಚಪ್ಪಟೆಯಾಗಿ ಕೂತಿತು, ಪಿಪಿ ಮೇಲೆ ಗುಂಡಗೆ ನಿಂತುಕೊಂಡಿತು. ಸಾಲದ್ದಕ್ಕೆ ಗ್ಲೋವ್ ಬಾಕ್ಸಿನ ಮೈಗೆ ಚರ್ಮದ ತರಿ ಬೇರೆ. ಅಂಟು ತರಿಯ ನೆತ್ತಿಗಳಿಗೆ ಮಾತ್ರ ತಾಗುತ್ತದೆ, ತಗ್ಗಿನಲ್ಲೆಲ್ಲ ಗಾಳಿ. ಇವತ್ತು ಅಂಟಿದರೂ ಮೊದಲ ಬೇಸಿಗೆಯಲ್ಲಿ ಹಾಳೆ ಹಾಳೆಯಾಗಿ ಎದ್ದುಬರುವುದು ಖಂಡಿತ. ಇಂಥದ್ದಕ್ಕೆ ಅಂಟು ಹಿಡಿಯಲೆಂದು ಅಡಿಗೆ ಪ್ರೈಮರ್ ಎಂಬ ದ್ರವ ಹಚ್ಚಿ ಅಂಟಿಸುವವರಿದ್ದಾರೆ. ನಾನು ಅದರ ಗೊಡವೆಗೆ ಹೋಗಲಿಲ್ಲ, ಗ್ಲೋವ್ ಬಾಕ್ಸನ್ನು ಹೊದಿಸಬೇಕಾದವುಗಳ ಪಟ್ಟಿಯಿಂದಲೇ ತೆಗೆದೆ.

ಪಟ್ಟಿಗೆ ಸೇರದ ಇನ್ನೂ ಒಂದಿದೆ, ಅದು ಅಂದಚೆಂದದ ಪ್ರಶ್ನೆಯಲ್ಲ. ಪಕ್ಕದ ಸೀಟಿನ ಎದುರಿನ ಡ್ಯಾಶ್‌ಬೋರ್ಡು, ಸ್ಟೀರಿಂಗಿನ ನಡುಭಾಗ, ಪಕ್ಕದ ಕಿಟಕಿಗಳಿಗೆ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇರುವ ಕಾರಾದರೆ ಮುಂಗಾಜಿನ ಪಕ್ಕದ ಕಂಬದ ಹೊದಿಕೆ, ಇವುಗಳ ಮೇಲೆ ಏನನ್ನೂ ಅಂಟಿಸಬಾರದು. ಡ್ಯಾಶ್‌ಬೋರ್ಡು, ಸ್ಟೀರಿಂಗಿನ ಪ್ಲಾಸ್ಟಿಕ್ಕಿನ ಬೆನ್ನಲ್ಲಿ ಸಾಮಾನ್ಯವಾಗಿ ಬೇಕೆಂದೇ ತೆಳು ಮಾಡಿದ ಗೆರೆ ಇರುತ್ತದೆ, ಬ್ಯಾಗು ಉಬ್ಬಿದಾಗ ಅದೇ ಗೆರೆಯಲ್ಲಿ ಹರಿದುಕೊಳ್ಳಲಿ ಎಂದು. ಮೇಲೆ ಎಳೆದರೆ ಹಿಗ್ಗುವ ಫಿಲ್ಮ್ ಬಿಗಿದಿದ್ದರೆ ಹರಿಯುವ ರೀತಿಯೇ ಬದಲಾಗುತ್ತದೆ. ನಮ್ಮಲ್ಲಿ ಚಾಲಕರ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಿಂದ, ಪಕ್ಕದ ಸೀಟಿನದು ಹೊಸ ಮಾಡೆಲ್‌ಗಳಿಗೆ 2021ರ ಏಪ್ರಿಲ್‌ನಿಂದ. ಹಾಗೆಂದು ಹಳೆಯ ಗಾಡಿಯಲ್ಲಿ ಇರಲಾರದು ಎಂದುಕೊಳ್ಳುವುದು ಬೇಡ, ಟಾಪ್ ಮಾಡೆಲ್‌ಗಳಲ್ಲಿ ಮುಂಚಿನಿಂದಲೂ ಬರುತ್ತಿತ್ತು. ಪೂರ್ತಿ ಡ್ಯಾಶ್‌ಬೋರ್ಡಿಗೆ ಕಾರ್ಬನ್ ಫೈಬರ್ ವಿನ್ಯಾಸದ ಫಿಲ್ಮ್ ಹೊದಿಸಿ ವಿಡಿಯೊ ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಫಿಲ್ಮ್ ತಂದದ್ದು ಬೆಂಗಳೂರಿನಿಂದ. ಬೇರೆ ಕೆಲಸಕ್ಕೆಂದು ಹೋದವಳು ಟೌನ್‌ಹಾಲ್ ಬಳಿ ಇಳಿದು ಜೆಸಿ ರಸ್ತೆಯಲ್ಲಿ ಮಿನರ್ವ ಸರ್ಕಲ್ ಕಡೆಗೆ ನಡೆದೆ. ಸೀಟ್ ಕವರು, ಫ್ಲೋರ್ ಮ್ಯಾಟು, ಹಾರ್ನು, ಲೈಟುಗಳ ಅಂಗಡಿ ಸಾಲು. ರೋಲುಗಳನ್ನು ನಿಲ್ಲಿಸಿಟ್ಟಿದ್ದ ಒಂದು ಅಂಗಡಿಗೆ ನುಗ್ಗಿದೆ.

"ಒಳಗಡೆಗೆ ತಾನೆ ಮೇಡಂ? ಲೋಕಲ್ ಸಾಕು. ಮಳೆ ಬೀಳಲ್ಲ, ಬಿಸಿಲು ಬೀಳಲ್ಲ."

"ಬಿಸಿಲು ಬೀಳಲ್ವಾ? ಗಾಜು ಮುಚ್ಚಿ ನಿಲ್ಲಿಸಿದ್ರೆ ಒಳಗೇ ಜಾಸ್ತಿ ಕಾಯತ್ತಲ್ಲ."

"ಕಾಯತ್ತೆ" ಎಂದು ನಕ್ಕ. "ಹಂಗಾದ್ರೆ ಕಾಸ್ಟ್ ತಗೊಳಿ. ರೇಟು ಬೇರೆ, ಮೊದ್ಲೇ ಹೇಳ್ತೀನಿ."

ರೇಟು ಬೇರೆ ಇರಲು ಕಾರಣ ಇದೆ. ಅಗ್ಗದ ವಿನೈಲ್ ಕ್ಯಾಲೆಂಡರ್ಡ್. ಬಿಸಿ ಪಿವಿಸಿ ಮುದ್ದೆಯನ್ನು ರೋಲರ್‌ಗಳ ನಡುವೆ ಹಿಂಡಿ ಹಿಂಡಿ ತೆಳ್ಳಗೆ ಎಳೆದು ಮಾಡಿದ್ದು. ಹಾಗೆ ಎಳೆಸಿಕೊಂಡ ಬಿಗಿ ಅದರೊಳಗೆ ಉಳಿದಿರುತ್ತದೆ, ಕಾದಾಗಲೆಲ್ಲ ಮೊದಲಿನ ಅಳತೆಗೆ ಮರಳಲು ನೋಡುತ್ತದೆ. ನನ್ನ ಕಾರಿನ ತೇಗದ ಸ್ಟಿಕ್ಕರ್ ಅಂಚಿನಿಂದ ಸರಿದದ್ದು ಹಾಗೆ. ಕಾಸ್ಟ್ ಫಿಲ್ಮನ್ನು ದ್ರವವಾಗಿ ಹಾಳೆಯ ಮೇಲೆ ಹರಡಿ ಓವನ್ನಿನಲ್ಲಿ ಬೇಯಿಸುತ್ತಾರೆ, ಯಾರೂ ಎಳೆದಿರುವುದಿಲ್ಲ. ಆದ್ದರಿಂದ ಅದಕ್ಕೆ ಕುಗ್ಗುವ ಚಟ ಕಡಿಮೆ. ತೆಳುವೂ ಹೌದು. ಕ್ಯಾಲೆಂಡರ್ಡ್ 75ರಿಂದ 100 ಮೈಕ್ರಾನ್ ಇದ್ದರೆ ಸಾದಾ ಕಾಸ್ಟ್ ಸುಮಾರು 50, ಅಂಟಿನ ಪದರ ಬಿಟ್ಟು. ಥ್ರೀಎಂ 2080, ಏವರಿ ಡೆನಿಸನ್ ಸುಪ್ರೀಮ್ ರ್ಯಾಪಿಂಗ್ ಫಿಲ್ಮ್, ಒರಾಫೋಲ್‌ನ 970 ಇವೆಲ್ಲ ಕಾಸ್ಟ್ ಜಾತಿಯವು. ಇವುಗಳ ಅಂಟಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಾಲುವೆಗಳಿರುತ್ತವೆ, ಉಜ್ಜಿದಾಗ ಸಿಕ್ಕಿಬಿದ್ದ ಗಾಳಿ ಅವುಗಳಲ್ಲಿ ಹಾದು ಅಂಚಿಗೆ ಬರುತ್ತದೆ. ರೋಲಿನ ಅಗಲ 60 ಇಂಚು, ಅಂದರೆ ಐದು ಅಡಿ. ಉದ್ದವನ್ನು ಅಡಿ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ನನ್ನ ಭಾಗಗಳಿಗೆ ಎರಡಡಿ ಧಾರಾಳವಾಗಿ ಸಾಕಿತ್ತು. ಮೂರಡಿ ತಗೊಂಡೆ.

ಬಣ್ಣದ ವಿಷಯಕ್ಕೆ ಅಂಗಡಿಯವನಿಗೂ ನನಗೂ ಸ್ವಲ್ಪ ಜಟಾಪಟಿ ಆಯಿತು. ಅವನು ಕಾರ್ಬನ್ ಫೈಬರ್ ಬಿಚ್ಚಿ ತೋರಿಸಿದ, ಆಮೇಲೆ ಕ್ರೋಮ್. ಕ್ರೋಮನ್ನು ಗೇರ್ ಸುತ್ತ ಹಾಕಿದರೆ ಮಧ್ಯಾಹ್ನದ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ಡ್ರೈವ್ ಮಾಡುವವರಿಗೆ ಅದು ಬೇಡದ ಉಪದ್ರವ. ಕಾರ್ಬನ್ ಫೈಬರಿನ ಹೆಣಿಗೆ ಗುಳಿಬಿದ್ದ ಕಡೆ ಎಳೆದಾಗ ಸೊಟ್ಟಗಾಗುತ್ತದೆ, ನೋಡಿದವರಿಗೆ ಒಂದೇ ಕ್ಷಣದಲ್ಲಿ ಸ್ಟಿಕ್ಕರ್ ಎಂದು ಗೊತ್ತಾಗುತ್ತದೆ. ಹೊಳಪಿಲ್ಲದ, ಉಕ್ಕಿಗೆ ಉಜ್ಜುಕಾಗದ ತಿಕ್ಕಿದ ಗೀಟಿರುವ ಕಪ್ಪು ಬ್ರಶ್ಡ್ ಫಿನಿಶ್ ಆರಿಸಿಕೊಂಡೆ. ಅದರ ಇನ್ನೊಂದು ಅನುಕೂಲ ಮನೆಗೆ ಬಂದ ಮೇಲೆ ತಿಳಿಯಿತು: ಅಡಿಯ ಸಣ್ಣಪುಟ್ಟ ಗೀರು ಅದರಲ್ಲಿ ಅಡಗುತ್ತದೆ. ಗ್ಲಾಸಿ ಆಗಿದ್ದರೆ ಒಂದೊಂದೂ ಎದ್ದು ಕಾಣುತ್ತಿತ್ತು.

(ಹೊರಮೈಗೆ ಹಾಕುವವರಿಗೆ ಒಂದು ಮಾತು: ಗಾಡಿಯ ಬಣ್ಣ ಬದಲಾದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು. ಒಳಗಿನ ಪಟ್ಟಿಗಳಿಗೆ ಆ ಗೋಳಿಲ್ಲ.)

ಹಳೆಯದನ್ನು ಕೀಳುವುದು ಹೊಸದನ್ನು ಹಾಕುವುದಕ್ಕಿಂತ ದೊಡ್ಡ ಕೆಲಸ. ಹೇರ್ ಡ್ರೈಯರಿನಲ್ಲಿ ಬೆಚ್ಚಗೆ ಮಾಡಿ, ತುದಿ ಎಬ್ಬಿಸಿ, ಮೇಲಕ್ಕೆ ಎಳೆಯದೆ ತನ್ನ ಮೇಲೆ ತಾನೇ ಮಡಚಿಕೊಳ್ಳುವ ಹಾಗೆ ಹಿಂದಕ್ಕೆ ನಿಧಾನವಾಗಿ ಎಳೆಯಬೇಕು. ಹೊಸ ಫಿಲ್ಮ್ ಆದರೆ ಇಡಿಯಾಗಿ ಬರುತ್ತದೆ. ಇದು ಬರಲಿಲ್ಲ. ಪಿವಿಸಿಯನ್ನು ಮೆತ್ತಗಿಡುವ ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ವಸ್ತು ವರ್ಷಗಳಲ್ಲಿ ಫಿಲ್ಮಿನಿಂದ ಹೊರಟುಹೋಗುತ್ತದೆ. ಒಂದಷ್ಟು ಗಾಳಿಗೆ, ಒಂದಷ್ಟು ಅಂಟಿಗೆ. ಹಾಗಾಗಿ ಫಿಲ್ಮ್ ಹಪ್ಪಳವಾಗಿ ಚೂರುಚೂರಾಗಿತ್ತು, ಅಂಟು ಮಾತ್ರ ಇನ್ನಷ್ಟು ಲೋಳೆಯಾಗಿತ್ತು.

ಉಳಿದ ಅಂಟಿಗೆ ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ರಿಮೂವರ್ ಎಂದು ಮೂವರು ಮೂರು ಹೇಳಿದರು. ಥಿನ್ನರ್, ಅಸಿಟೋನ್ ಎರಡೂ ಎಬಿಎಸ್ಸನ್ನೇ ಕರಗಿಸುತ್ತವೆ. ಪೆಟ್ರೋಲನ್ನು ಮನೆಯೊಳಗೆ ತರುವ ಮಾತೇ ಇಲ್ಲ. ನಾನು ಹಚ್ಚಿದ್ದು ನೀಲಗಿರಿ ಎಣ್ಣೆ. ಶೀತಕ್ಕೆಂದು ಮನೆಯಲ್ಲಿ ಇದ್ದೇ ಇರುತ್ತದೆ, ಸ್ಟಿಕ್ಕರ್ ಅಂಟಿಗೆ ಅದಕ್ಕಿಂತ ಒಳ್ಳೆಯ ಮದ್ದು ನಾನು ಕಂಡಿಲ್ಲ. ಅದೂ ಕೆಲವು ಪ್ಲಾಸ್ಟಿಕ್ಕಿಗೆ ಆಗಿಬರುವುದಿಲ್ಲವಾದ್ದರಿಂದ ಹಿಂಬದಿಯ ಒಂದು ಮೂಲೆಯಲ್ಲಿ ಮೊದಲು ನೋಡಿದೆ, ಸುರಿದು ನೆನೆಯಲು ಬಿಡದೆ ಬಟ್ಟೆಗೆ ಹಾಕಿಕೊಂಡು ಉಜ್ಜಿ ಉಜ್ಜಿ ತೆಗೆದೆ. ಅಂಟು ಉಂಡೆಯುಂಡೆಯಾಗಿ ಹೊರಳಿ ಬಂತು. ಮನೆಯೆಲ್ಲ ಊಟಿಯ ಘಮ.

ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್, ಹಳೆಯ ಟೂತ್‌ಬ್ರಶ್, ಬೆಚ್ಚನೆ ನೀರು. ಎಣ್ಣೆಯ ಪಸೆ ಒಂದಿಷ್ಟು ಉಳಿದರೂ ಹೊಸ ಅಂಟು ಹಿಡಿಯುವುದಿಲ್ಲ. ಅದಕ್ಕಿಂತ ಕಳ್ಳ ಪಸೆ ಡ್ಯಾಶ್‌ಬೋರ್ಡ್ ಪಾಲಿಶಿನದು. ಸರ್ವಿಸಿಗೆ ಬಿಟ್ಟಾಗಲೆಲ್ಲ ಮಿರಮಿರ ಮಿಂಚಲಿ ಎಂದು ಹಚ್ಚುತ್ತಾರಲ್ಲ, ಅದರಲ್ಲಿ ಸಿಲಿಕೋನ್ ಇರುತ್ತದೆ, ಸಂದಿಗೊಂದಿಯಲ್ಲಿ ಕೂತಿರುತ್ತದೆ. ಸೋಪಿನ ನಂತರ 70 ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್, 30 ಪಾಲು ನೀರು ಬೆರೆಸಿ, ನೂಲು ಬಿಡದ ಬಟ್ಟೆಯಲ್ಲಿ ಒರೆಸಿದೆ. ಒದ್ದೆ ಬಟ್ಟೆಯ ಹಿಂದೆಯೇ ಒಣ ಬಟ್ಟೆ ಓಡಿಸಬೇಕು, ಇಲ್ಲವಾದರೆ ಕರಗಿದ ಕೊಳೆ ಅಲ್ಲೇ ಮತ್ತೆ ಕೂರುತ್ತದೆ.

ಬರಿಮೈಯಾದ ಮೇಲೆ ಇನ್ನೊಂದು ಕಂಡಿತು. ಗೇರ್ ಸುತ್ತಿನ ಭಾಗದಲ್ಲಿ, ಅಂಚಿನಿಂದ ಸ್ವಲ್ಪ ಒಳಗೆ, ಉದ್ದಕ್ಕೂ ಒಂದು ಗೀರು. ತೇಗದ ಸ್ಟಿಕ್ಕರ್ ಹಾಕಿದವರು ಪ್ಲಾಸ್ಟಿಕ್ಕಿನ ಮೇಲೇ ಬ್ಲೇಡ್ ಎಳೆದಿದ್ದರು. ಬೆರಳಿನ ಉಗುರು ಸಿಕ್ಕಿಕೊಳ್ಳುವಷ್ಟು ಆಳ. ತೆಳು ಫಿಲ್ಮ್ ಅಂಥದ್ದನ್ನು ಮುಚ್ಚುವುದಿಲ್ಲ. 400 ನಂಬರ್ ಉಜ್ಜುಕಾಗದದಲ್ಲಿ ಸುತ್ತ ತರಿ ಮಾಡಿ, ಗೀರಿಗೆ ಚಿಟಿಕೆ ಪುಟ್ಟಿ ತುಂಬಿ, ಒಣಗಿದ ಮೇಲೆ 800ರಲ್ಲಿ ನೀರು ಹಾಕಿ ಉಜ್ಜಿದೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಏನೂ ತಿಳಿಯಬಾರದು, ಅದೇ ಪರೀಕ್ಷೆ.

ಇನ್ನು ಹೊದಿಸುವುದು. ಅಮ್ಮ ಹೊಲಿಗೆ ಮಿಷನ್ ಇಟ್ಟಿರುವ ಕೋಣೆಯಲ್ಲಿ ದೊಡ್ಡ ಮೇಜಿದೆ, ಆದರೆ ಅಲ್ಲಿ ಗಾಳಿಯಲ್ಲೇ ನೂಲಿನ ಎಳೆ ತೇಲುತ್ತಿರುತ್ತದೆ. ಒಂದು ಎಳೆ ಅಡಿಗೆ ಸೇರಿದರೂ ಮೇಲೆ ಉಬ್ಬು. ಊಟದ ಮೇಜನ್ನೇ ಖಾಲಿ ಮಾಡಿಸಿ, ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಆರಿಸಿ ಬೆಳಿಗ್ಗೆ ಬೇಗ ಕೂತೆ. ಹವೆ 20ರಿಂದ 25 ಡಿಗ್ರಿ ಇದ್ದರೆ ಫಿಲ್ಮ್ ಹದದಲ್ಲಿರುತ್ತದೆ. ಏಪ್ರಿಲ್ ಮಧ್ಯಾಹ್ನದಲ್ಲಾದರೆ ಮುಟ್ಟಿದ ಕಡೆಯೆಲ್ಲ ಕಚ್ಚಿಕೊಳ್ಳುತ್ತದೆ, ಎತ್ತಿ ಸರಿಮಾಡಲು ಬಿಡುವುದಿಲ್ಲ.

ಬ್ರಶ್ಡ್ ಫಿಲ್ಮಿಗೆ ಗೀಟಿನ ದಿಕ್ಕಿದೆ. ಎಲ್ಲ ಭಾಗಗಳಲ್ಲೂ ಗೀಟು ಕಾರಿನ ಉದ್ದಕ್ಕೇ ಓಡಬೇಕು, ಒಂದು ಅಡ್ಡಡ್ಡ ಆದರೂ ಬೆಳಕು ಬಿದ್ದಾಗ ಬಣ್ಣವೇ ಬೇರೆ ಅನ್ನಿಸುತ್ತದೆ. ಹಿಂಬದಿಯ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬಾಣ ಹಾಕಿ, ಪ್ರತಿ ಭಾಗಕ್ಕೂ ಸುತ್ತ ಒಂದೂವರೆ ಇಂಚು ಬಿಟ್ಟು ಚೌಕಗಳನ್ನು ಕತ್ತರಿಸಿಕೊಂಡೆ.

ಸ್ವಿಚ್ ಪಟ್ಟಿ ಚಪ್ಪಟೆ, ಅದು ಕೈ ಪಳಗಲಿಕ್ಕೆ. ಕಾಗದ ಬಿಡಿಸಿ, ಫಿಲ್ಮನ್ನು ಬಿಗಿಯಾಗಿ ಎಳೆಯದೆ ಸುಮ್ಮನೆ ಮೇಲಿಟ್ಟು, ನಡುವಿನಿಂದ ಹೊರಕ್ಕೆ ಸ್ಕ್ವೀಜಿ (ಒತ್ತಿ ಉಜ್ಜುವ ಚಪ್ಪಟೆ ತುಂಡು) ಎಳೆದೆ. ಸ್ಕ್ವೀಜಿಯ ಅಂಚಿಗೆ ಫೆಲ್ಟ್ ಇಲ್ಲದಿದ್ದರೆ ಗೀರು ಬೀಳುತ್ತದೆ. ಈ ಅಂಟು ಒತ್ತಿದಷ್ಟೂ ಹಿಡಿಯುವ ಜಾತಿಯದು, ಸವರಿದರೆ ಸಾಲದು, ಒಂದರ ಮೇಲೊಂದು ಬೀಳುವ ಹಾಗೆ ಗಟ್ಟಿಯಾಗಿ ಎಳೆಯಬೇಕು. ಸುಕ್ಕು ಬಿತ್ತೋ, ಅದರ ಮೇಲೆ ಉಜ್ಜಿ ಚಪ್ಪಟೆ ಮಾಡುವ ಆಸೆ ಬೇಡ. ಆ ಕಡೆಯಷ್ಟೇ ಎಬ್ಬಿಸಿ, ಡ್ರೈಯರ್ ಹಿಡಿದರೆ ಫಿಲ್ಮ್ ತನಗೆ ತಾನೇ ಸಡಿಲಗೊಂಡು ನುಣ್ಣಗಾಗುತ್ತದೆ. ನೋಡುವುದಕ್ಕೆ ಖುಷಿಯಾಗುವ ದೃಶ್ಯ ಅದು, ಮುದುಡಿದ್ದು ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ. ಕಾಸ್ಟ್ ಫಿಲ್ಮಿಗೆ ದುಡ್ಡು ಕೊಟ್ಟದ್ದು ಸಾರ್ಥಕ ಅನ್ನಿಸಿದ್ದು ಆಗ.

ಗೇರ್ ಸುತ್ತಿನದು ನನ್ನನ್ನು ಆಟ ಆಡಿಸಿತು. ಹೊರಗೆ ದುಂಡು ಮೂಲೆ, ನಡುವೆ ಗೇರ್ ಲಿವರಿನ ತೂತು, ತೂತಿನ ಸುತ್ತ ಒಳಕ್ಕೆ ಇಳಿಯುವ ಗುಳಿ. ಮೇಲ್ಮೈಯೇನೋ ಕೂತಿತು, ಹೊರ ಅಂಚನ್ನು ಹಿಂದಕ್ಕೆ ಮಡಚುವಾಗ ದುಂಡು ಮೂಲೆಯಲ್ಲಿ ನೆರಿಗೆ ಗುಂಪುಗೂಡುತ್ತಿತ್ತು. ಬಿಸಿ ಮಾಡಿ ಎಳೆದರೆ ನೆರಿಗೆ ಹೋಗುತ್ತದೆ, ಆದರೆ ಎಳೆದ ಕಡೆ ಗೀಟು ಬೆಳ್ಳಗಾಗುತ್ತದೆ. ಕಾಫಿ ಲೋಟ ಹಿಡಿದು ಬಂದ ಅಮ್ಮ ಸ್ವಲ್ಪ ಹೊತ್ತು ನೋಡಿದರು.

"ಏನೇ ಅದು, ಅಷ್ಟೊಂದು ಎಳೆದಾಡ್ತಿದ್ದೀಯ?"

"ಹಿಂದಕ್ಕೆ ಮಡಚ್ಬೇಕಮ್ಮ, ನೆರಿಗೆ ಬೀಳ್ತಿದೆ."

"ಕಚ್ಚು ಹಾಕದೆ ತಿರುಗಿಸಿದ್ರೆ ನೆರಿಗೆ ಬೀಳ್ದೆ ಇನ್ನೇನು? ಬ್ಲೌಸಿನ ಕತ್ತಿಗೆ ಪಟ್ಟಿ ಕೊಡೋದು ಎಷ್ಟು ಸಲ ನೋಡಿಲ್ಲ ನೀನು?"

ಕತ್ತರಿ ತಾವೇ ತೆಗೆದುಕೊಂಡರು. ಹೊರಕ್ಕೆ ದುಂಡಗಿರುವ ಕಡೆ ಬಟ್ಟೆ ಹೆಚ್ಚಾಗುತ್ತದೆ, ಅಲ್ಲಿ ಸಣ್ಣ ಸಣ್ಣ ತ್ರಿಕೋನ ಕತ್ತರಿಸಿ ತೆಗೆಯಬೇಕು. ಒಳಕ್ಕೆ ದುಂಡಗಿರುವ ಕಡೆ, ಕತ್ತಿನ ಹಾಗೆ, ಬಟ್ಟೆ ಸಾಲದೆ ಬಿಗಿಯುತ್ತದೆ, ಅಲ್ಲಿ ಬರೀ ಸೀಳು ಕೊಟ್ಟರೆ ಸಾಕು. ಯಾವುದೇ ಆದರೂ ಕತ್ತರಿ ಹೊಲಿಗೆಯ ಗೆರೆ ಮುಟ್ಟಬಾರದು, ಒಂದು ನೂಲಿನಷ್ಟು ಮೊದಲೇ ನಿಲ್ಲಬೇಕು. ಇಲ್ಲಿ ಹೊಲಿಗೆಯ ಗೆರೆ ಎಂದರೆ ಪ್ಲಾಸ್ಟಿಕ್ಕಿನ ಅಂಚು. ಹೊರ ಮೂಲೆಗಳಲ್ಲಿ ತ್ರಿಕೋನ, ಗೇರಿನ ತೂತಿನ ಸುತ್ತ ಸೂರ್ಯನ ಕಿರಣದಂತೆ ಸೀಳು. ಮಡಚಿದರೆ ಒಂದೂ ನೆರಿಗೆ ಇಲ್ಲದೆ ಹಿಂದಕ್ಕೆ ಹೋಗಿ ಕೂತಿತು. ನಾನು ನೋಡಿದ್ದ ಅಷ್ಟೂ ವಿಡಿಯೊಗಳಲ್ಲಿ ಇದನ್ನು ಇಷ್ಟು ಬಿಡಿಸಿ ಹೇಳಿದವರಿಲ್ಲ. ಆಮೇಲೆ ಸ್ಟೀರಿಯೊ ಚೌಕಟ್ಟಿನ ಏಸಿ ವೆಂಟ್ ತೂತುಗಳಿಗೂ ಅಮ್ಮನೇ ಕಚ್ಚು ಹಾಕಿದರು, ನಾನು ಡ್ರೈಯರ್ ಹಿಡಿದೆ.

ಬ್ಲೇಡಿನ ಬಗ್ಗೆ ಒಂದೇ ಮಾತು: ತುದಿ ಮುರಿದು ಹೊಸದು ಮಾಡಿಕೊಳ್ಳುವ ಕಟ್ಟರ್ ಇರಲಿ, ಮುರಿಯಲು ಜಿಪುಣತನ ಬೇಡ. ಮೊಂಡು ಬ್ಲೇಡ್ ಕತ್ತರಿಸುವುದಿಲ್ಲ, ಎಳೆದು ಹರಿಯುತ್ತದೆ.

ಮಡಚಿ ಆದ ಮೇಲೆ ಮುಗಿಯಿತು ಎಂದು ಬಹಳ ಜನ ಜೋಡಿಸಿಬಿಡುತ್ತಾರೆ. ಮುಗಿದಿಲ್ಲ. ಕಾಸ್ಟ್ ಫಿಲ್ಮನ್ನೂ ನಾವು ಗುಳಿಯಲ್ಲಿ, ಅಂಚಿನಲ್ಲಿ ಎಳೆದಿರುತ್ತೇವೆ. ನಾವು ಎಳೆದದ್ದು ಅದಕ್ಕೆ ನೆನಪಿರುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೈ 70 ಡಿಗ್ರಿ ಮುಟ್ಟುವುದುಂಟು. ಆ ಬಿಸಿಗೆ ಫಿಲ್ಮ್ ಮೆತ್ತಗಾಗಿ ಮೊದಲಿನ ಆಕಾರಕ್ಕೆ ಹೊರಡುತ್ತದೆ. ಆ ನೆನಪನ್ನು ಅಳಿಸಬೇಕಾದರೆ ಬಿಸಿಲು ಕೊಡಲಾರದಷ್ಟು ಬಿಸಿಯನ್ನು ನಾವೇ ಮೊದಲು ಕೊಡಬೇಕು, ಎಳೆದ ಕಡೆಗಳಲ್ಲಿ 90 ಡಿಗ್ರಿಗೆ ಸ್ವಲ್ಪ ಮೇಲೆ. ತೊಡಕು ಏನೆಂದರೆ ಎಬಿಎಸ್ ಪ್ಲಾಸ್ಟಿಕ್ 100 ಡಿಗ್ರಿ ದಾಟುತ್ತಿದ್ದಂತೆ ತಾನೇ ಮೆತ್ತಗಾಗತೊಡಗುತ್ತದೆ. ಕೈಯಲ್ಲಿರುವ ಅವಕಾಶ ಹತ್ತು ಡಿಗ್ರಿಯೂ ಇಲ್ಲ.

ಹೇರ್ ಡ್ರೈಯರಿನಿಂದ ಅಷ್ಟು ಬಿಸಿ ಬರಲಿಲ್ಲ. ಹೀಟ್ ಗನ್ ಬಾಡಿಗೆಗೆ ತಂದೆ. ಅದರ ಮೂತಿಯಲ್ಲಿ ಕಡಿಮೆ ಸೆಟ್ಟಿಂಗಿನಲ್ಲೂ 300 ಡಿಗ್ರಿಯ ಆಸುಪಾಸು ಇರುತ್ತದೆ, ಒಂದು ಗೇಣು ದೂರದಲ್ಲಿ ಹಿಡಿದು ನಿಲ್ಲಿಸದೆ ಆಡಿಸುತ್ತಲೇ ಇರಬೇಕು. ಎಷ್ಟು ಕಾದಿದೆ ಎಂದು ತಿಳಿಯಲು ಮೊದಲು ಕೋವಿಡ್ ಕಾಲದ ಹಣೆಗೆ ಹಿಡಿಯುವ ಥರ್ಮಾಮೀಟರ್ ಗನ್ ಹಿಡಿದು ನೋಡಿದೆ. ಅದಕ್ಕೆ ಮನುಷ್ಯರ ಜ್ವರ ಮಾತ್ರ ಗೊತ್ತು, ಮಿಕ್ಕಿದ್ದಕ್ಕೆಲ್ಲ ಕೆಂಪು ದೀಪ. ಎಲೆಕ್ಟ್ರಿಷಿಯನ್‌ಗಳು ಇಟ್ಟುಕೊಳ್ಳುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕು. ಪಕ್ಕದ ಮನೆಯವರ ಬಳಿ ಇತ್ತು. ಎಡಗೈಯಲ್ಲಿ ಅದು, ಬಲಗೈಯಲ್ಲಿ ಹೀಟ್ ಗನ್. 80, 86, 91, 93. ಗನ್ ಆಚೆ. ಆ ಜಾಗವನ್ನು ಬೆರಳಿಗೆ ಬಟ್ಟೆ ಸುತ್ತಿ ಒತ್ತಿ ಹಿಡಿದು, ಆರಿದ ಮೇಲೆ ಮುಂದಿನ ಅಂಗುಲ. ಗುಳಿಯ ಸುತ್ತ ಹೀಗೆ ಹೋಗುವಾಗ ಒಂದು ಕಡೆ ಕರೆಂಟ್ ಹೋಯಿತು. ಬಂದ ಮೇಲೆ ಎಲ್ಲಿಗೆ ಬಂದಿದ್ದೆ ಎಂದು ತಿಳಿಯದೆ ಆ ಸುತ್ತನ್ನು ಮೊದಲಿನಿಂದ ಮಾಡಿದೆ.

ಮಡಚಿದ ಹಿಂಬದಿಯ ಅಂಚುಗಳಿಗೆ, ಅದರಲ್ಲೂ ಮಡಿಕೆ ಕಿರಿದಾಗಿರುವ ವೆಂಟಿನ ತೂತುಗಳಿಗೆ ಥ್ರೀಎಂ ಪ್ರೈಮರ್ 94 ಒಂದು ತೆಳು ಗೆರೆ ಹಚ್ಚಿದ್ದೆ, ಫಿಲ್ಮ್ ಮಡಚುವ ಮೊದಲು. ಅದರ ವಾಸನೆ ತಲೆಗೆ ಏರುತ್ತದೆ, ಕಿಟಕಿ ತೆರೆದಿಟ್ಟೇ ಮಾಡಬೇಕು. ಪಟ್ಟಿಗಳ ಕಣ್ಣಿಗೆ ಕಾಣುವ ಮುಂಬದಿಗೆ ಪ್ರೈಮರ್ ಹಚ್ಚಬಾರದು. ಮುಂದೊಂದು ದಿನ ಫಿಲ್ಮ್ ತೆಗೆಯಬೇಕೆಂದರೆ ಬಿಡುವುದೇ ಇಲ್ಲ.

ಜೋಡಿಸುವಾಗ ಒಂದು ಸೂಕ್ಷ್ಮ. ಕ್ಲಿಪ್ಪು ಕೂರುವ ಜಾಗಕ್ಕೆ ಫಿಲ್ಮಿನ ಮಡಿಕೆ ಬಂದರೆ ಲಾಕ್ ಪೂರ್ತಿ ಬೀಳುವುದಿಲ್ಲ, ರಸ್ತೆಯ ಉಬ್ಬಿಗೆ ಕಟಕಟ ಸದ್ದು ಶುರು. ಅಲ್ಲಿ ಮಡಿಕೆಯನ್ನು ಕತ್ತರಿಸಿ ತೆಗೆದೆ. ಸ್ವಿಚ್ಚು ಮೇಲೆ ಕೆಳಗೆ ಆಡುವ ತೂತಿನ ಗೋಡೆಗೆ ಫಿಲ್ಮ್ ಇಳಿಸುವುದೂ ಬೇಡ, ಕೂದಲೆಳೆಯ ದಪ್ಪವಾದರೂ ಸ್ವಿಚ್ಚು ಸಿಕ್ಕಿಕೊಳ್ಳುತ್ತದೆ. ಪ್ರತಿ ಕನೆಕ್ಟರ್ ಚುಚ್ಚಿ, ಭಾಗವನ್ನು ಅದುಮುವ ಮೊದಲೇ ಬ್ಯಾಟರಿ ಹಾಕಿ ಕಿಟಕಿ ಇಳಿಸಿ ಏರಿಸಿ ನೋಡಿದೆ. ಡ್ರೈವರ್ ಕಡೆಯ ಗಾಜು ಒಂದೇ ಒತ್ತಿಗೆ ಪೂರ್ತಿ ಇಳಿಯುವುದನ್ನು ಮರೆತುಬಿಟ್ಟಿತ್ತು. ಸ್ವಿಚ್ಚನ್ನು ಪೂರ್ತಿ ಮೇಲಕ್ಕೆ ಎತ್ತಿ ಕೆಲ ಸೆಕೆಂಡು ಹಿಡಿದ ಮೇಲೆ ಸರಿಹೋಯಿತು. ಅಂಟು ಪೂರ್ತಿ ಬಲಗೊಳ್ಳಲು ಒಂದೆರಡು ದಿನ ಬೇಕಾದ್ದರಿಂದ ಅಲ್ಲಿಯವರೆಗೆ ಯಾರೂ ಒರೆಸುವಂತಿಲ್ಲ ಎಂದು ಮನೆಯಲ್ಲಿ ಸಾರಿದೆ.

ಅದಾದ ಮೇಲೆ ಒಂದು ಬೇಸಿಗೆ ಕಳೆದಿದೆ, ಕಾರು ಆಫೀಸಿನ ಬಳಿ ನೆರಳಿಲ್ಲದ ಕಡೆ ನಿಂತಿದೆ. ಗೇರ್ ಸುತ್ತಿನದೂ ಸ್ಟೀರಿಯೊ ಚೌಕಟ್ಟಿನದೂ ಕೂತಲ್ಲಿಂದ ಕದಲಿಲ್ಲ, ಗುಳಿಯಲ್ಲೂ ಫಿಲ್ಮ್ ಎದ್ದಿಲ್ಲ. ಸವೆದದ್ದು ಡ್ರೈವರ್ ಬಾಗಿಲಿನ ಪಟ್ಟಿ: ಗಾಜು ಏರಿಸಲು ಬೆರಳು ಸಿಕ್ಕಿಸುವಾಗ ಉಗುರು ಒಂದೇ ಜಾಗಕ್ಕೆ ತಾಗಿ ತಾಗಿ ಬ್ರಶ್ಡ್ ಗೀಟು ಅಷ್ಟಗಲ ಅಳಿಸಿ ನುಣುಪಾಗಿದೆ. ಅದಕ್ಕೆ ಅಂಟಿನದಾಗಲಿ ಬಿಸಿಯದಾಗಲಿ ದೋಷವಿಲ್ಲ, ಬಳಕೆಯದು. ಹೆಚ್ಚಿಗೆ ತಂದಿದ್ದ ಒಂದಡಿ ಫಿಲ್ಮ್ ರೋಲ್ ಮಾಡಿ ಬೀರುವಿನ ಮೇಲಿದೆ, ಮಡಚಿಟ್ಟರೆ ಗೆರೆ ಬೀಳುತ್ತದೆ ಎಂದು. ಆ ಒಂದು ಪಟ್ಟಿಯನ್ನು ದಸರಾ ರಜೆಯಲ್ಲಿ ಬದಲಿಸುತ್ತೇನೆ, ಅದು ಚಪ್ಪಟೆಯದು, ಅಮ್ಮನ ಕತ್ತರಿಯೂ ಬೇಕಾಗುವುದಿಲ್ಲ.